ಒಂದು ನಮೂನೆ ಆಗ್ತು



ಅಡಿಕೆ ಕೊನೆ ಕೊಯ್ಲಿನ ದಿನ ಎಂದುಕೊಳ್ಳಿ. ಕೊನೆ ಇಳಿಸುವ ಕೊನೆಗೌಡ ಮರದ ಮೇಲೆ ಐವತ್ತು ಅಡಿ ಎತ್ತರದಲ್ಲಿದ್ದಾನೆ. ಎಡಗೈಯ ಹೆಬ್ಬೆರಳು ಜುಮ್ಮೆನ್ನತೊಡಗುತ್ತದೆ. ಹೆಬ್ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮೊಣಕೈ ಕಡೆಗೆ ಹರಿದು, ಅಷ್ಟರಲ್ಲಿ ಒಮ್ಮೆಲೇ ತುಟಿಯ ಎಡ ಅಂಚಿಗೂ ಹಾರುತ್ತದೆ. ಅರ್ಧ ನಿಮಿಷದೊಳಗೆ ಎಲ್ಲ ಮಾಯ. ಕೆಳಗೆ ಹಗ್ಗ ಹಿಡಿದು ನಿಂತವನಿಗೆ ಏನೂ ಕಂಡಿಲ್ಲ. ಇವನು ಬಿದ್ದಿಲ್ಲ, ಒದ್ದಾಡಿಲ್ಲ, ಬಾಯಲ್ಲಿ ನೊರೆ ಬಂದಿಲ್ಲ, ಕೂಗಿದರೆ ಓಗೊಟ್ಟಿದ್ದಾನೆ. ಸಂಜೆ ಹೇಳಿಕೊಂಡರೆ ‘ಕೈ ಜೋಮು ಹಿಡಿದಿರಬೇಕು ಮಾರಾಯ’ ಎಂಬ ಉತ್ತರ ಸಿಗುತ್ತದೆ.

ಜೋಮೇ ಇರಬಹುದು. ಆದರೆ ತಿಂಗಳಿಗೆ ಎರಡು ಸಲ, ಅದೇ ಬೆರಳಿನಿಂದ ಹೊರಟು, ಅದೇ ದಾರಿಯಲ್ಲಿ ಹರಿದು, ಅಷ್ಟೇ ಹೊತ್ತಿಗೆ ನಿಂತುಹೋಗುತ್ತದೆ ಎಂದಾದರೆ ಅದನ್ನು ಜೋಮು ಎಂದು ಕೈಬಿಡುವ ಹಾಗಿಲ್ಲ. ಅಪಸ್ಮಾರದಲ್ಲಿ ಇಂಥದೊಂದು ಬಗೆ ಇದೆ. ನಮ್ಮ ಜನ ಫಿಟ್ಸ್ ಎಂದರೆ ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದನ್ನಷ್ಟೇ ಬಲ್ಲರು. ಬೀಳದೆ, ಎಚ್ಚರ ತಪ್ಪದೆ, ಬರೀ ಅನುಭವವಾಗಿ ಬಂದುಹೋಗುವ ಸೆಳವೂ ಉಂಟು. ಅದಕ್ಕೆ ಸಂವೇದನೆಯ ಸೆಳವು ಎನ್ನುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಇದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಮಾಡುವುದೇನು ಎನ್ನುವುದು ಇವತ್ತಿನ ಮಾತು.

ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ತಿನ ಮೂಲಕ ಕೆಲಸ ಮಾಡುತ್ತವೆ. ಯಾವುದೋ ಒಂದು ಜಾಗದ ಕೋಶಗಳೆಲ್ಲ ಒಟ್ಟಿಗೇ, ಅಂಕೆ ತಪ್ಪಿ, ವಿದ್ಯುತ್ತು ಹೊಮ್ಮಿಸಿದರೆ ಅದು ಸೆಳವು. ಕೈಕಾಲು ಆಡಿಸುವ ಜಾಗದಲ್ಲಾದರೆ ಕೈಕಾಲು ಅದುರುತ್ತದೆ, ಪಕ್ಕದಲ್ಲಿದ್ದವರಿಗೆ ಕಾಣುತ್ತದೆ. ಸ್ಪರ್ಶ, ನೋಟ, ವಾಸನೆ, ರುಚಿ, ಸದ್ದುಗಳನ್ನು ಗ್ರಹಿಸುವ ಜಾಗದಲ್ಲಾದರೆ ಅನುಭವಿಸಿದವನಿಗಷ್ಟೇ ಗೊತ್ತು. ತೋಟದ ಒಂದು ಕಾದಿಗೆಯಲ್ಲಿ ನೀರು ಕಟ್ಟಿಕೊಂಡರೆ ಪಕ್ಕದ ಬರಣಕ್ಕೆ ಹತ್ತುವ ಹಾಗೆ ಈ ವಿದ್ಯುತ್ತು ನೆರೆಯ ಜಾಗಕ್ಕೆ ಹರಡುತ್ತದೆ. ಜುಮ್ಮೆನ್ನುವುದು ಬೆರಳಿನಿಂದ ಮೇಲಕ್ಕೆ ನಡೆದುಕೊಂಡು ಹೋಗುವುದು ಅದಕ್ಕಾಗಿಯೇ.

ಬೆರಳಿನಿಂದ ತುಟಿಗೆ ಹಾರಿದ್ದೇಕೆ? ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರಿದ್ದರು. ರೋಗಿ ಎಚ್ಚರವಾಗಿರುವಾಗಲೇ ತಲೆಬುರುಡೆ ತೆರೆದು, ಮೆದುಳಿನ ಮೇಲ್ಮೈಗೆ ತೀರ ಸಣ್ಣ ವಿದ್ಯುತ್ತು ಮುಟ್ಟಿಸಿ, ‘ಈಗ ಎಲ್ಲಿ ಏನಾಯಿತು?’ ಎಂದು ಕೇಳುತ್ತಿದ್ದರು. ಮೆದುಳಿಗೆ ನೋವಿನ ಅರಿವಿಲ್ಲ, ಆದ್ದರಿಂದ ಇದು ಸಾಧ್ಯ. ಹೀಗೆ ಕೇಳಿ ಕೇಳಿ ಅವರು ಬೋಲ್ಡ್ರಿ ಎಂಬ ಸಹೋದ್ಯೋಗಿಯ ಜೊತೆ 1937ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಮೈಯ ಸ್ಪರ್ಶವೆಲ್ಲ ಮೆದುಳಿನಲ್ಲಿ ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿಯ ಮೇಲೆ ಸಾಲಾಗಿದೆ. ಬೆನ್ನಿಗೆ ಅಲ್ಲಿ ಸ್ವಲ್ಪವೇ ಜಾಗ, ಬೆರಳು, ತುಟಿ, ನಾಲಿಗೆಗೆ ದೊಡ್ಡ ಪಾಲು. ಹೆಬ್ಬೆರಳು ಮತ್ತು ಮುಖ ಅಲ್ಲಿ ಅಕ್ಕಪಕ್ಕ. ಮೈಯಲ್ಲಿ ದೂರವಿರುವ ಎರಡು ಜಾಗಗಳು ಒಂದರ ಹಿಂದೊಂದು ಜುಮ್ಮೆಂದವು ಎಂದು ರೋಗಿ ಹೇಳಿದರೆ ವೈದ್ಯರ ಕಿವಿ ನೆಟ್ಟಗಾಗಬೇಕಾದ್ದು ಇದಕ್ಕೇ. ಆ ಜೋಡಿಯನ್ನು ಅವನು ಕಲ್ಪಿಸಿಕೊಂಡು ಹೇಳಿರಲಾರ.

ಸ್ಪರ್ಶವೊಂದೇ ಅಲ್ಲ. ತಲೆಯ ಹಿಂಭಾಗದ, ನೋಟಕ್ಕೆ ಸಂಬಂಧಿಸಿದ ಮೆದುಳಿನಲ್ಲಿ ಸೆಳವು ಎದ್ದರೆ ಕಣ್ಣಿನ ಒಂದು ಬದಿಗೆ ಬಣ್ಣಬಣ್ಣದ ಉರುಟು ಚುಕ್ಕೆಗಳು ಮಿನುಗುತ್ತವೆ. ಕಿವಿಯ ಮೇಲುಗಡೆಯ ಭಾಗದಲ್ಲಿ ಎದ್ದರೆ ಗುಂಯ್ ಎಂಬ ಸದ್ದು, ಕೆಲವರಿಗೆ ಹಾಡಿನ ತುಣುಕು. ಅದರ ಒಳಮೈಯಲ್ಲಿ ಎದ್ದರೆ ಇಲ್ಲದ ವಾಸನೆ, ಸಾಮಾನ್ಯವಾಗಿ ಕೆಟ್ಟದ್ದೇ, ರಬ್ಬರು ಸುಟ್ಟಂಥದ್ದು. ಮನೆಯವರೆಲ್ಲ ಬಚ್ಚಲ ಒಲೆ ನೋಡಿ ಬಂದು ‘ಎಂತದೂ ಇಲ್ಲೆ’ ಎನ್ನುತ್ತಾರೆ. ಇನ್ನು ಕೆಲವರಿಗೆ ಹೊಸ ಜಾಗಕ್ಕೆ ಹೋದಾಗ ಇದೆಲ್ಲ ಹಿಂದೆ ಆಗಿಹೋದದ್ದೇ ಎಂಬ ಗಾಢವಾದ ಭಾವನೆ, ಕಾರಣವಿಲ್ಲದ ಭಯ, ಮೈಯ ಒಂದೇ ಪಕ್ಕ ರೋಮ ನಿಮಿರುವುದು. ಗಂಟಲು ಬಿಗಿದು ಉಸಿರೇ ಸಿಗದು ಎನಿಸುವುದೂ ಉಂಟು. ಅಪರೂಪಕ್ಕೆ ನೋವೇ ಸೆಳವಾಗಿ ಬರುವುದುಂಟು.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಸಿಗುವುದು ಹೊಟ್ಟೆಯ ಮಾತು. ಚಿಕಿತ್ಸಾಲಯದಲ್ಲಿ ಅದು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

‘ಎಂತ ಆಗ್ತು ಅಕ್ಕಾ?’

‘ಎಂತೋ ಒಂದು ನಮೂನೆ ಆಗ್ತು.’

‘ಎಲ್ಲಿ ಶುರು ಆಗ್ತು?’

‘ಇಲ್ಲಿ, ಹೊಟ್ಟೆಲಿ. ಮೇಲೆ ಬತ್ತು. ಗಂಟಲತನಕ ಬತ್ತು.’

‘ಎಷ್ಟೊತ್ತು?’

‘ಈಗ ಇತ್ತು, ಈಗ ಇಲ್ಲೆ.’

ಅಷ್ಟರಲ್ಲಿ ಜೊತೆಗೆ ಬಂದ ಗಂಡನೋ ಅತ್ತೆಯೋ ‘ಗ್ಯಾಸ್ಟ್ರಿಕ್ ಡಾಕ್ಟ್ರೇ, ಮೊದಲಿಂದಲೂ ಇದ್ದು’ ಎಂದುಬಿಡುತ್ತಾರೆ. ಒಳ್ಳೆಯ ಮಾಹಿತಿಯೆಲ್ಲ ಹಾಳಾಗುವುದು ಆ ಕ್ಷಣದಲ್ಲಿ. ಗ್ಯಾಸ್ ಹೊಟ್ಟೆ ಉಬ್ಬಿಸಿ ತಾಸುಗಟ್ಟಲೆ ಕಾಡುತ್ತದೆ, ಊಟಕ್ಕೆ ಅದಕ್ಕೆ ನಂಟಿದೆ, ತೇಗಿದರೆ ಹಗುರಾಗುತ್ತದೆ. ಈಕೆ ಹೇಳುತ್ತಿರುವುದಕ್ಕೆ ಊಟದ ಹೊತ್ತೂ ಗೊತ್ತಿಲ್ಲ, ತೇಗೂ ಗೊತ್ತಿಲ್ಲ. ನಿದ್ದೆಯಿಂದ ಎಬ್ಬಿಸಿಯೂ ಬರುತ್ತದೆ. ಆದರೂ ನಮ್ಮಲ್ಲಿ ಮೊದಲು ಮುರುಗಲು ಪಾನಕ, ಆಮೇಲೆ ಪಿತ್ತದ ಕಷಾಯ, ಆಮೇಲೆ ಔಷಧಿ ಅಂಗಡಿಯ ಹೊಟ್ಟೆ ಮಾತ್ರೆ. ಹೀಗೇ ವರ್ಷಗಳು ಕಳೆಯುತ್ತವೆ. ಮುರುಗಲು ಪಾನಕದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಬೇಸಿಗೆಗೆ ಅದರಷ್ಟು ಒಳ್ಳೆಯದಿಲ್ಲ. ಈ ಕಾಯಿಲೆಗೆ ಅದು ಔಷಧಿಯಲ್ಲ, ಅಷ್ಟೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಇಂಥ ಅನುಭವವನ್ನು ಫಿಟ್ಸ್ ಬರುವ ಮುನ್ಸೂಚನೆ ಎಂದು ಹೇಳುತ್ತಾರೆ. ಅದು ಬರಲಿರುವ ಸೆಳವಿನ ಗಂಟೆಯಲ್ಲ, ಸೆಳವೇ. ಹುಟ್ಟಿದ ಜಾಗದಲ್ಲೇ ಆರಿಹೋದರೆ ‘ಒಂದು ನಮೂನೆ’ಗೆ ಮುಗಿಯುತ್ತದೆ, ಹರಡಿದರೆ ಮನುಷ್ಯ ಮಂಕಾಗಿ, ತುಟಿ ಚಪ್ಪರಿಸುತ್ತ, ಸೀರೆಯ ಸೆರಗನ್ನೋ ಅಂಗಿಯ ಗುಂಡಿಯನ್ನೋ ತಡಕಾಡುತ್ತ ಒಂದೆರಡು ನಿಮಿಷ ಕಳೆದುಹೋಗುತ್ತಾನೆ, ಇಡೀ ಮೆದುಳಿಗೆ ಹಬ್ಬಿದರೆ ಬೀಳುತ್ತಾನೆ. ಬಿದ್ದ ದಿನ ಮಾತ್ರ ಕಾಯಿಲೆ, ಉಳಿದ ದಿನ ಗ್ಯಾಸ್ ಎಂದು ಲೆಕ್ಕ ಹಾಕಿದರೆ, ತಿಂಗಳಿಗೆ ಹತ್ತು ಸಲ ಸೆಳವು ಬರುವವನೂ ‘ವರ್ಷಕ್ಕೊಂದೇ ಸಲ ಬರ್ತು’ ಎನ್ನುತ್ತಾನೆ. ಔಷಧಿಯ ಪ್ರಮಾಣ ತಪ್ಪುವುದು ಆ ಉತ್ತರದಿಂದ.

ಹಾಗೆಂದು ಜುಮ್ಮೆಂದದ್ದೆಲ್ಲ ಅಪಸ್ಮಾರವಲ್ಲ. ಅರೆತಲೆನೋವಿಗೆ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆ ಬರುವವರಿದ್ದಾರೆ. ಅದು ಅಂಕುಡೊಂಕಾದ, ಬಿಳಿ-ಕಪ್ಪು ಗೆರೆ. ನಿಧಾನ ಬೆಳೆದು ಐದು ನಿಮಿಷದಿಂದ ಒಂದು ತಾಸಿನವರೆಗೂ ಇರುತ್ತದೆ. ಸೆಳವಿನ ಚುಕ್ಕೆಗಳು ಬಣ್ಣದವು, ಉರುಟು, ಸೆಕೆಂಡುಗಳ ಆಟ. ಕೈಯಲ್ಲಿ ಜುಮ್ಮೆನ್ನುವುದೂ ಹಾಗೆಯೇ: ಮೈಗ್ರೇನ್‌ನಲ್ಲಿ ಬೆರಳಿನಿಂದ ಮುಖಕ್ಕೆ ಏರಲು ಹತ್ತಿಪ್ಪತ್ತು ನಿಮಿಷ, ಸೆಳವಿನಲ್ಲಿ ಹತ್ತಿಪ್ಪತ್ತು ಸೆಕೆಂಡು. ಲಕ್ವ ಹೊಡೆಯುವ ಮೊದಲು ಬರುವ ತಾತ್ಕಾಲಿಕ ದಾಳಿಯಲ್ಲಿ ಇರುವ ಶಕ್ತಿಯೋ ಸ್ಪರ್ಶವೋ ಒಮ್ಮೆಲೇ ಇಲ್ಲವಾಗುತ್ತದೆ. ಜುಮ್ಮೆನ್ನುತ್ತ ಮೇಲಕ್ಕೆ ಹತ್ತುವುದು ಅದರ ಲಕ್ಷಣವಲ್ಲ. ಹಾಗಂತ ಅರವತ್ತು ದಾಟಿದವರು, ಬಿ.ಪಿ. ಇರುವವರು ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಬರಿಯಿಂದ ಜೋರಾಗಿ ಉಸಿರಾಡಿದಾಗ ಎರಡೂ ಕೈ ಮತ್ತು ಬಾಯಿಯ ಸುತ್ತ ಒಟ್ಟಿಗೆ ಜುಮ್ಮೆನ್ನುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರಿಕೆ. ರಕ್ತದ ಸಕ್ಕರೆ ಕಡಿಮೆಯಾದಾಗ ತೊಂದರೆಯಾಗುವುದು ಎಲ್ಲರಿಗೂ ಗೊತ್ತು. ವಿಪರೀತ ಏರಿದಾಗಲೂ ಮೈಯ ಒಂದೇ ಭಾಗಕ್ಕೆ, ಕೆಲವೊಮ್ಮೆ ಕಣ್ಣಿನ ನೋಟಕ್ಕೆ, ಪದೇ ಪದೇ ಸೆಳವು ಬರಬಹುದು. ಅಲ್ಲಿ ಸಕ್ಕರೆ ಇಳಿಸುವುದೇ ಮುಖ್ಯ ಚಿಕಿತ್ಸೆ. ಆದ್ದರಿಂದ ಮೊಟ್ಟಮೊದಲ ಪರೀಕ್ಷೆ ಬೆರಳು ಚುಚ್ಚಿ ನೋಡುವ, ಕೆಲವೇ ರೂಪಾಯಿಯ ಆ ಒಂದು ಹನಿ ರಕ್ತದ್ದು.

ಮೈಮೇಲೆ ಬಂತು, ಗಾಳಿ ಸೋಕಿತು ಎಂಬ ವಿವರಣೆಗಳ ಬಗ್ಗೆ ನಾನು ಜಗಳ ಆಡುವುದಿಲ್ಲ. ಹರಕೆ ಕಟ್ಟಿಕೊಳ್ಳಿ, ತೀರಿಸಿ. ಜೊತೆಗೆ ಆಸ್ಪತ್ರೆಗೂ ಬನ್ನಿ.

ಈಗ ಬಚ್ಚಲು ಮನೆಗೆ ಬರೋಣ. ಸಂವೇದನೆಗೂ ಅಪಸ್ಮಾರಕ್ಕೂ ಇರುವ ನಂಟಿನಲ್ಲಿ ಕರ್ನಾಟಕದ್ದೇ ಎನ್ನಬಹುದಾದ ಒಂದು ಅಧ್ಯಾಯವಿದೆ: ಬಿಸಿನೀರಿನ ಅಪಸ್ಮಾರ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಮಾತ್ರ ಬರುವ ಸೆಳವು ಇದು. 1945ರಲ್ಲಿ ನ್ಯೂಜಿಲೆಂಡ್‌ನ ವೈದ್ಯರೊಬ್ಬರು ಹತ್ತು ವರ್ಷದ ಹುಡುಗನೊಬ್ಬನಲ್ಲಿ ಇದನ್ನು ಮೊದಲು ವರ್ಣಿಸಿದರು. ಮುಂದೆ ಜಪಾನಿನಲ್ಲಿ, ಟರ್ಕಿಯಲ್ಲಿ ಕಂಡಿತು. ಆದರೆ ರೋಗಿಗಳು ನೂರರ ಲೆಕ್ಕದಲ್ಲಿ ಸಿಕ್ಕಿದ್ದು ಬೆಂಗಳೂರು, ಮೈಸೂರು ಸುತ್ತಿನ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು, 1974ರ ಹೊತ್ತಿಗೆ ಅವರ ಬಳಿ 108 ರೋಗಿಗಳ ವಿವರವಿತ್ತು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಮಂದಿಯ ವಿವರ ಪ್ರಕಟಿಸಿದರು. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ನಡೆದಾಗ, ಅಪಸ್ಮಾರವಿದ್ದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಈ ಬಗೆಯದು ಎಂದು ತಿಳಿಯಿತು.

ನಮ್ಮ ಮೀಯುವ ಪದ್ಧತಿ ನೆನಪಿಸಿಕೊಳ್ಳಿ. ಹಂಡೆಯಲ್ಲಿ ಕಾದ, 40ರಿಂದ 50 ಡಿಗ್ರಿ ಬಿಸಿಯ ನೀರು. ತಂಬಿಗೆಯಿಂದ ತಲೆಯ ಮೇಲೇ ಧಾರೆಯಾಗಿ, ಒಂದರ ಮೇಲೊಂದು. ಶವರ್ ಕೆಳಗೆ ನಿಂತು ಮೀಯುವವರಲ್ಲಿ ಇದು ಇಷ್ಟಾಗಿ ಕಾಣುವುದಿಲ್ಲ. ಸೆಳವು ಬಂದಾಗ ದಿಗಿಲಿನ ಭಾವನೆ, ಇಲ್ಲದ ಸದ್ದು ಕೇಳುವುದು, ಇಲ್ಲದ್ದು ಕಾಣುವುದು, ದಿಟ್ಟಿ ಮಂಕಾಗಿ ಅಸಂಬದ್ಧ ಮಾತು; ಸುಮಾರು ಮೂರರಲ್ಲಿ ಒಬ್ಬರಿಗೆ ಇಡೀ ಮೈ ಸೆಳೆತ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು, ಮಕ್ಕಳಲ್ಲಿ ಬಹಳ. ವಿಚಿತ್ರವೆಂದರೆ ಕೆಲವರಿಗೆ ಆ ಸೆಳವಿನ ಆರಂಭದಲ್ಲಿ ಒಂದು ಬಗೆಯ ಸುಖವಾಗುತ್ತದೆ, ‘ಸಾಕು’ ಎಂದರೂ ಬಿಡದೆ ಮತ್ತೆ ಮತ್ತೆ ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಬಚ್ಚಲಿಂದ ಹೊರಗೇ ಬಾರದ ಹುಡುಗನಿಗೆ ಬೈಯುವ ಮೊದಲು ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿ, ಕರೆದರೆ ಸರಿಯಾಗಿ ಉತ್ತರ ಕೊಡುತ್ತಾನೋ ಎಂದು. ಬಚ್ಚಲಿನ ಒಳ ಚಿಲಕ ತೆಗೆಸುವುದು ಇಂಥ ಮನೆಗಳಲ್ಲಿ ಮೊದಲ ಚಿಕಿತ್ಸೆ.

ಎರಡನೆಯದು ನೀರು ತಣಿಸುವುದು, ತಲೆಗೆ ಹೊಯ್ಯುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು. ಅಷ್ಟಕ್ಕೇ ಬಹಳ ಮಂದಿಗೆ ನಿಲ್ಲುತ್ತದೆ. ದೀಪಾವಳಿಯ ಎಣ್ಣೆಸ್ನಾನ ಬಿಡಲಾಗದು ಎನ್ನುವವರಿಗೂ ನಿಮ್ಹಾನ್ಸ್‌ನವರು ದಾರಿ ತೋರಿಸಿದ್ದಾರೆ: ತಲೆಸ್ನಾನಕ್ಕೆ ಒಂದೂವರೆ-ಎರಡು ತಾಸು ಮೊದಲು ಕ್ಲೋಬಜಾಮ್ ಎಂಬ ಮಾತ್ರೆ 5ರಿಂದ 10 ಮಿಲಿಗ್ರಾಂ, ಮೀಯುವ ದಿನ ಮಾತ್ರ. ಪ್ರಮಾಣವನ್ನು ವೈದ್ಯರೇ ಹೇಳಬೇಕು, ಮಕ್ಕಳಿಗಂತೂ ಖಂಡಿತ. ನೀರಿನ ಹಂಗಿಲ್ಲದೆ ಬೇರೆ ಹೊತ್ತಿನಲ್ಲೂ ಸೆಳವು ಬರಲು ಶುರುವಾದರೆ, ಕೆಲವರಿಗೆ ಒಂದೆರಡು ವರ್ಷಗಳಲ್ಲಿ ಹಾಗಾಗುತ್ತದೆ, ಆಗ ದಿನಾ ಮಾತ್ರೆ ಬೇಕು. ಕುಟುಂಬಗಳಲ್ಲಿ ಇದು ಹರಿದುಬರುವುದರಿಂದ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ವಿಜ್ಞಾನಿಗಳು ನಿಮ್ಹಾನ್ಸ್ ಜೊತೆ ಸೇರಿ ಇದರ ವಂಶವಾಹಿಗಳನ್ನೂ ಹುಡುಕುತ್ತ ಬಂದಿದ್ದಾರೆ.

ಪರೀಕ್ಷೆಗಳ ವಿಷಯ. ಜನ ಬಂದು ಕೇಳುವುದು, ‘ಸ್ಕ್ಯಾನಿಂಗ್ ಮಾಡಿಸಲಾ?’ ಮಾಡಿಸಬೇಕು, ಆದರೆ ಅದು ಎರಡನೆಯ ಹೆಜ್ಜೆ. ಸಂವೇದನೆಯ ಸೆಳವಿನಲ್ಲಿ ಯಂತ್ರಕ್ಕಿಂತ ರೋಗಿಯ ಮಾತಿಗೆ ಬೆಲೆ ಹೆಚ್ಚು ಎಂದು ನಾನು ಹಟ ಹಿಡಿದು ಹೇಳುತ್ತೇನೆ, ಅದಕ್ಕೆ ಕಾರಣವೂ ಇದೆ. ಇಇಜಿ ನೆತ್ತಿಯ ಚರ್ಮದ ಮೇಲಿಂದ ವಿದ್ಯುತ್ತನ್ನು ಓದುತ್ತದೆ. ಸೆಳವು ಅಂಗೈಯ ಒಂದು ಪಾಲಿನಷ್ಟು ಸಣ್ಣ ಜಾಗದಲ್ಲಿ, ಅದೂ ಮೆದುಳಿನ ಮಡಿಕೆಯ ಒಳಗೆ ಎದ್ದು ಆರಿದರೆ, ತಲೆಗೆ ತಂತಿ ಅಂಟಿಸಿಕೊಂಡಿರುವಾಗಲೇ ಬಂದರೂ ಇಇಜಿಯಲ್ಲಿ ಗೆರೆ ಅಲುಗದೆ ಇರಬಹುದು. ಇನ್ನು ಸೆಳವಿಲ್ಲದ ಹೊತ್ತಿನಲ್ಲಿ ಮಾಡಿದ ಒಂದು ಇಇಜಿ, ಅಪಸ್ಮಾರ ಖಚಿತವಾಗಿ ಇರುವವರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ನಾರ್ಮಲ್ ಎಂದೇ ಬರುತ್ತದೆ. ‘ರಿಪೋರ್ಟು ನಾರ್ಮಲ್ಲು, ನಿಂಗೆ ಎಂತದೂ ಇಲ್ಲೆ’ ಎಂದು ಮನೆಯವರು ‘ಒಂದು ನಮೂನೆ ಆಗ್ತು’ ಎಂದವಳನ್ನು ಸುಳ್ಳಿ ಮಾಡಿಬಿಡುವುದು ಇಲ್ಲಿಯೇ. ರಾತ್ರಿ ನಿದ್ದೆಗೆಡಿಸಿ, ಮರುದಿನ ಇಇಜಿ ಮಾಡುವಾಗ ನಿದ್ದೆ ಬರಿಸಿದರೆ ದೋಷ ಸಿಗುವ ಸಂಭವ ಹೆಚ್ಚುತ್ತದೆ. ಶಿರಸಿಯಿಂದಲೋ ಯಲ್ಲಾಪುರದಿಂದಲೋ ಇಇಜಿಗೆಂದು ಹುಬ್ಬಳ್ಳಿಗೆ ಹೋಗುವವರು ಅದನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಬಸ್ಸಿನಲ್ಲಿ ಕಣ್ಣುಮುಚ್ಚಿ ಹೋದರೆ ರಾತ್ರಿಯ ನಿದ್ದೆಗೆಟ್ಟದ್ದು ದಂಡ.

ಎಂ.ಆರ್.ಐ. ಬೇರೆ ಕೆಲಸಕ್ಕೆ. ಸೆಳವು ಹುಟ್ಟುವ ಜಾಗದಲ್ಲಿ ಗಾಯದ ಕಲೆ, ಗಡ್ಡೆ, ಹುಟ್ಟಿನಿಂದ ಬಂದ ದೋಷ, ಹುಳುವಿನ ಗುಳ್ಳೆ ಇದೆಯೇ ಎಂದು ಅದು ತೋರಿಸುತ್ತದೆ. ಹುಳುವಿನ ಗುಳ್ಳೆ ಎಂದಾಗ ನಮ್ಮ ಕಡೆಯ ಶಾಕಾಹಾರಿಗಳು ಮುಖ ನೋಡುತ್ತಾರೆ. ಹಂದಿಯಲ್ಲಿ ಬೆಳೆಯುವ ಲಾಡಿಹುಳುವಿನ ಮರಿ ಮೆದುಳಿಗೆ ಸೇರುವುದು ಮಾಂಸ ತಿನ್ನುವುದರಿಂದ ಅಲ್ಲ. ಆ ಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಿಂದ ಹೊರಬಿದ್ದ ಮೊಟ್ಟೆ ನೀರಿಗೋ ಹಸಿ ತರಕಾರಿಗೋ ಕೈಗೋ ಅಂಟಿ ಬಾಯಿಗೆ ಹೋಗುವುದರಿಂದ. ಹಂದಿಮಾಂಸ ಮುಟ್ಟದ ಮನೆಯಲ್ಲೂ ಬರಬಹುದು. ಭಾರತದಲ್ಲಿ ಮೈಯ ಒಂದು ಭಾಗಕ್ಕೆ ಸೀಮಿತವಾಗಿ ಹೊಸದಾಗಿ ಸೆಳವು ಶುರುವಾದ ಮಕ್ಕಳಲ್ಲಿ, ಯುವಕರಲ್ಲಿ ಇದೊಂದು ಮುಖ್ಯ ಕಾರಣ. ಸಮಾಧಾನದ ಸಂಗತಿಯೆಂದರೆ ಒಂದೇ ಗುಳ್ಳೆಯಿದ್ದರೆ ಬಹುಪಾಲು ಅದು ಕರಗಿಹೋಗುತ್ತದೆ.

ಚಿಕಿತ್ಸೆ. ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಅಪಸ್ಮಾರ ಎನ್ನುತ್ತೇವೆ. ಒಂದೇ ಸಲ ಬಂದರೂ ಸ್ಕ್ಯಾನಿನಲ್ಲಿ ಕಲೆ ಸಿಕ್ಕರೆ ಅಲ್ಲಿಂದಲೇ ಮಾತ್ರೆ ಶುರು ಮಾಡಬಹುದು. ಸಂವೇದನೆಯ ಸೆಳವಿಗೆಂದೇ ಬೇರೆ ಔಷಧಿ ಇಲ್ಲ. ಒಂದು ಜಾಗದಿಂದ ಹುಟ್ಟುವ ಸೆಳವಿಗೆ ಕೊಡುವ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲೆವೆಟಿರಾಸಿಟಮ್, ಲಮೋಟ್ರಿಜಿನ್, ಇವೇ. ಹಳೆಯ ಫೆನಿಟಾಯಿನ್, ಫೆನೊಬಾರ್ಬಿಟಾಲ್‌ಗಳನ್ನು ಕಡೆಗಣಿಸಬೇಡಿ. ನಾನು ಆಗ ಹೇಳಿದ ಯಳಂದೂರಿನಲ್ಲಿಯೇ ಡಾ. ಮಣಿ ಮತ್ತು ಸಂಗಡಿಗರು ಈ ಎರಡು ಅಗ್ಗದ ಮಾತ್ರೆಗಳನ್ನು ಹಳ್ಳಿಗರಿಗೆ ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿದರು. ಐದು ವರ್ಷದ ಕೊನೆಗೆ ಅರ್ಧಕ್ಕಿಂತ ಹೆಚ್ಚು ಮಂದಿ ಸೆಳವಿಲ್ಲದೆ ಇದ್ದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಆ ಅಧ್ಯಯನವನ್ನು ಪ್ರಕಟಿಸಿತು. ದೊಡ್ಡ ಆಸ್ಪತ್ರೆಯಿಂದ ದೂರ, ತಜ್ಞರು ದಿನಾ ಸಿಗದ ಊರಿನಲ್ಲೂ ಈ ಕಾಯಿಲೆಯನ್ನು ಹಿಡಿತಕ್ಕೆ ತರಬಹುದೆಂದು ಜಗತ್ತಿಗೆ ತೋರಿಸಿದ್ದು ನಮ್ಮದೇ ರಾಜ್ಯದ ಒಂದು ತಾಲೂಕು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೋ ಸಿದ್ದಾಪುರ, ಯಲ್ಲಾಪುರದ ತಾಲೂಕು ಆಸ್ಪತ್ರೆಗೋ ಮೊದಲು ಹೋಗಿ ಎಂದು ನಾನು ಹೇಳುವುದು ಆ ಧೈರ್ಯದ ಮೇಲೆ. ಅಲ್ಲಿಂದ ಬೇಕಾದರೆ ಈಗ ಕೆ.ಎಂ.ಸಿ.ಆರ್.ಐ. ಎನ್ನುವ ಹುಬ್ಬಳ್ಳಿಯ ಕಿಮ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಇದ್ದೇ ಇವೆ.

ಅಪಸ್ಮಾರದ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಗೆ ಮಾತ್ರೆಯಲ್ಲೇ ನಿಲ್ಲುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧಿ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡೂ ನಿಲ್ಲದಿದ್ದರೆ ಮೂರನೆಯದು, ನಾಲ್ಕನೆಯದು ಎಂದು ವರ್ಷ ಕಳೆಯಬೇಡಿ. ಶಸ್ತ್ರಚಿಕಿತ್ಸೆ ಆಗುತ್ತದೆಯೇ ಎಂದು ನಿಮ್ಹಾನ್ಸ್‌ನಲ್ಲೋ ತಿರುವನಂತಪುರದ ಶ್ರೀಚಿತ್ರಾದಲ್ಲೋ ತೋರಿಸಿ. ‘ಹೊಟ್ಟೆಯಿಂದ ಮೇಲೆ ಬತ್ತು’ ಎನ್ನುವವರಲ್ಲಿ ಕೆಲವರಿಗೆ ಕಿವಿಯ ಒಳಪಕ್ಕದ ಮೆದುಳಿನಲ್ಲಿ ಒಂದು ಕಲೆ ಇರುತ್ತದೆ; ಅದನ್ನು ತೆಗೆದರೆ ಬಹಳ ಮಂದಿಗೆ ಸೆಳವೇ ನಿಲ್ಲುತ್ತದೆ. ಅಂಥ ಶಸ್ತ್ರಚಿಕಿತ್ಸೆಗೆ ಜಾಗ ಗುರುತಿಸುವಾಗಲೂ ವೈದ್ಯರು ಮೊದಲು ಕೇಳುವುದು ‘ಶುರುವಿಗೆ ಎಂತ ಅನಿಸ್ತು?’ ಎಂದೇ.

ಹೊಸ ಮಾತ್ರೆ ಶುರುವಾದ ಮೊದಲ ಎರಡು ತಿಂಗಳು, ಮುಖ್ಯವಾಗಿ ಕಾರ್ಬಮಜೆಪಿನ್, ಫೆನಿಟಾಯಿನ್, ಲಮೋಟ್ರಿಜಿನ್ ತೆಗೆದುಕೊಳ್ಳುವವರು ಮೈಮೇಲೆ ಕೆಂಪು ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ತಕ್ಷಣ ವೈದ್ಯರಿಗೆ ತೋರಿಸಬೇಕು, ಕಾಯಬಾರದು. ಮಗು ಬೇಕೆನ್ನುವ ವಯಸ್ಸಿನ ಹೆಣ್ಣುಮಕ್ಕಳು ವ್ಯಾಲ್ಪ್ರೊಯೇಟ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಗರ್ಭ ನಿಲ್ಲುವ ಮೊದಲೇ ಆ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ಯಾವ ಮಾತ್ರೆಯನ್ನೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ವಾರದಲ್ಲೇ ದೊಡ್ಡ ಸೆಳವು ಬರುವುದು ಮಾಮೂಲು. ನಾಟಿ ಔಷಧಿ ಕೊಡುವವರಲ್ಲಿ ‘ಇಂಗ್ಲಿಷ್ ಔಷಧಿ ಬಿಟ್ಟು ಬಾ’ ಎನ್ನುವವರ ಹತ್ತಿರ ಹೋಗಬೇಡಿ. ಮಳೆಗಾಲದಲ್ಲಿ ದಾರಿ ಕುಸಿದು, ಕಾಲುಸಂಕ ಕೊಚ್ಚಿಹೋಗಿ ವಾರಗಟ್ಟಲೆ ಪೇಟೆಗೆ ಬರಲಾಗದ ಊರುಗಳು ನಮ್ಮಲ್ಲಿವೆ. ಜೂನಿಗೆ ಮೊದಲು ಒಂದೂವರೆ-ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ.

ನಿದ್ದೆಗೆಡುವುದು ಸೆಳವಿನ ದೊಡ್ಡ ಮಿತ್ರ. ಬೆಳಗಿನವರೆಗೆ ಆಟ ನೋಡಿ, ಅಲ್ಲಿಂದಲೇ ತೋಟಕ್ಕೆ ಹೋಗುವವರಿಗೆ, ಮಾರಿಕಾಂಬಾ ಜಾತ್ರೆಯ ವಾರವಿಡೀ ಸರಿಯಾಗಿ ಮಲಗದವರಿಗೆ ಹೇಳುತ್ತಿದ್ದೇನೆ. ಯಕ್ಷಗಾನ ಬಿಡಿ ಎಂದು ಹೇಳಿದರೆ ನೀವು ಬಿಡುವುದಿಲ್ಲ, ನನಗೂ ಹೇಳಲು ಬಾಯಿ ಬಾರದು. ಮೊದಲ ಪ್ರಸಂಗ ನೋಡಿ ಎದ್ದುಬನ್ನಿ.

ಕೆಲಸದ ಮಾತು. ಒಂದು ನಮೂನೆ ಆಗುವುದು ಹತೋಟಿಗೆ ಬರುವತನಕ ಮರ ಹತ್ತುವುದು ಬೇಡ, ಅಡಿಕೆಗೆ ಔಷಧಿ ಹೊಡೆಯಲಿಕ್ಕೂ ಬೇಡ. ಅಡಿಕೆ ಬೇಯಿಸುವ ಹಂಡೆಯ ಎದುರು, ಬಾವಿಕಟ್ಟೆಯ ಮೇಲೆ, ಹೊಳೆಯಲ್ಲಿ ಒಬ್ಬರೇ ಬೇಡ. ಅರಬೈಲು ಘಟ್ಟದಲ್ಲಿ, ದೇವಿಮನೆ ಘಟ್ಟದಲ್ಲಿ ಬೈಕು ಓಡಿಸುವುದಂತೂ ಬೇಡವೇ ಬೇಡ. ವಾಹನ ಪರವಾನಗಿಯ ಅರ್ಜಿಯಲ್ಲೂ ಅಪಸ್ಮಾರದ ಪ್ರಶ್ನೆ ಇರುತ್ತದೆ. ಆದರೆ ಇದನ್ನು ತಿಳಿದ ಯಜಮಾನರು ಆಳನ್ನೇ ಬಿಡಿಸಿಬಿಟ್ಟರೆ ನಾಳೆಯಿಂದ ಯಾರೂ ಬಾಯಿ ಬಿಡುವುದಿಲ್ಲ, ಮುಚ್ಚಿಟ್ಟುಕೊಂಡೇ ಮರ ಹತ್ತುತ್ತಾರೆ. ಆರಿಸುವುದು, ಒಣಗಿಸುವುದು ಹೀಗೆ ನೆಲದ ಮೇಲಿನ ಕೆಲಸ ತೋಟಿಗರ ಮನೆಯಲ್ಲಿ ಬೇಕಾದಷ್ಟಿದೆ. ಮುಚ್ಚಿಡುವುದಕ್ಕೆ ಇನ್ನೊಂದು ಕಾರಣ ಮದುವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಅಪಸ್ಮಾರವನ್ನು ಮದುವೆಗೆ ಅಡ್ಡಿ ಎಂದು ಬರೆದಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಕಾನೂನು ತೆಗೆದು ಇಷ್ಟು ವರ್ಷವಾದರೂ ಜಾತಕ ತರುವವರು ಇನ್ನೂ ತೆಗೆದಿಲ್ಲ.

ಯಾರಾದರೂ ಬಿದ್ದು ಒದ್ದಾಡಿದರೆ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಬೀಳದೆ ಮಂಕಾದವರ ಹತ್ತಿರ ಸುಮ್ಮನೆ ನಿಲ್ಲಿ, ಹಿಡಿದೆಳೆಯಬೇಡಿ. ಕೈಯಲ್ಲಿ ಮೊಬೈಲಿದ್ದರೆ ವಿಡಿಯೋ ಮಾಡಿ. ವೈದ್ಯರಿಗೆ ಅದು ಹತ್ತು ರಿಪೋರ್ಟಿಗೆ ಸಮ. ವಿಡಿಯೋದಲ್ಲಿ ಕಾಣದ್ದನ್ನು, ಎಲ್ಲಿ ಹುಟ್ಟಿತು, ಯಾವ ಕಡೆಗೆ ಹೋಯಿತು, ಎಷ್ಟು ಹೊತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂಬುದನ್ನು, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ವೈದ್ಯರ ಹತ್ತಿರ ಬರುವಾಗ ಕ್ಯಾಲೆಂಡರನ್ನೇ ಗೋಡೆಯಿಂದ ಇಳಿಸಿಕೊಂಡು ಬನ್ನಿ. ಮತ್ತು ರೋಗಿಯೇ ಮಾತಾಡಲಿ, ಜೊತೆಗಿದ್ದವರು ಆಮೇಲೆ.

ಸಿದ್ದಾಪುರದ ಕಡೆಯವರಿಗೆ ಕೊನೆಯದಾಗಿ ಒಂದು ಸೂಚನೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಿಮ್ಮ ತಾಲೂಕಿನಲ್ಲೂ ಜೀವ ತೆಗೆದಿದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗಿನ ತಿಂಗಳುಗಳಲ್ಲಿ, ಬೆಟ್ಟಕ್ಕೆ ಹೋಗಿಬಂದವರಿಗೆ ಜ್ವರ ಬಂದು ಬಿಟ್ಟು, ಒಂದೆರಡು ವಾರದಲ್ಲಿ ಮತ್ತೆ ಜ್ವರದ ಜೊತೆ ವಿಪರೀತ ತಲೆನೋವು, ನಡುಕ, ಮಂಕು, ಸೆಳವು ಕಾಣಿಸಿದರೆ ಅದು ನಾನು ಇಷ್ಟು ಹೊತ್ತು ಹೇಳಿದ ಕಾಯಿಲೆಯಲ್ಲ. ಕ್ಯಾಲೆಂಡರು, ವಿಡಿಯೋ ಎಲ್ಲ ಬಿಟ್ಟು ಆ ತಾಸಿನಲ್ಲೇ ಆಸ್ಪತ್ರೆಗೆ ಹೊರಡಿ, ಬೆಟ್ಟಕ್ಕೆ ಹೋಗಿದ್ದನ್ನು ಮರೆಯದೆ ಹೇಳಿ.